ಹಾರ ಹಾಕದ ನಾಲ್ಕು ಫೋಟೋ

ನನಗೆ ಸಂಶಯ ಜಾಸ್ತಿ ಎಂದು ನನ್ನ ಮಗ ವಿಷ್ಣುತೀರ್ಥ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ತಿರುಗಲಿ. ಹಾಲಿನವನು ನನ್ನ ಬಾಗಿಲಲ್ಲೇ ಆಕಳು ಕಟ್ಟಿ, ನನ್ನ ಕಣ್ಣೆದುರೇ ಹಾಲು ಕರೆಯುತ್ತಿದ್ದ. ಅವನ ಪಾತ್ರೆಯ ತಳದಲ್ಲಿ ಮೊದಲೇ ಅರ್ಧ ಸೇರು ನೀರಿರುತ್ತದೆ ಎಂದು ಕಂಡುಹಿಡಿದವಳು ಯಾರು? ಈ ಭೀಮಾಬಾಯಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಎಲ್ಲರೂ ಬಾಯಲ್ಲಿ ಹೇಳುತ್ತಾರೆ, ಪಾತ್ರೆ ಬಗ್ಗಿಸಿ ನೋಡುವವರು ಕಡಿಮೆ.

ಇದು ಐವತ್ತೊಂಬತ್ತನೇ ಇಸವಿಯ ಮಾತು. ಹುಬ್ಬಳ್ಳಿಯ ರೈಲ್ವೆಯಲ್ಲಿದ್ದ ಮಗನನ್ನು ಮದ್ರಾಸಿನ ಆಫೀಸಿಗೆ ಎತ್ತಿಹಾಕಿ ಮೂರು ವರ್ಷವಾಗಿತ್ತು. ಮೈಲಾಪೂರಿನಲ್ಲಿ ಗುಡಿಯ ಕೆರೆಯ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ. ಮಗ, ಸೊಸೆ ಉಷಾ, ಮೊಮ್ಮಗಳು ಬೇಬಿ, ನಾನು. ಬೇಬಿಗೆ ಆರು ವರ್ಷ. ಕೌಸಲ್ಯಾ ಎಂದು ಹೆಸರಿಟ್ಟವಳು ನಾನೇ, ಆದರೆ ಆ ಹೆಸರಿನಿಂದ ಕರೆಯುವುದು ಶಾಲೆಯವರು ಮಾತ್ರ.

ನವರಾತ್ರಿಗೆ ಹದಿನೈದು ದಿನ ಇರುವಾಗ ಆ ಶಾಲೆಯಿಂದ ಒಂದು ಕಾಗದ ಬಂತು. ಇಂಗ್ಲಿಷ್ ಕಾಗದ. ವಿಷ್ಣು ಅದನ್ನು ಎರಡು ಸಲ ಮನಸ್ಸಿನಲ್ಲೇ ಓದಿಕೊಂಡ. ಮನಸ್ಸಿನಲ್ಲಿ ಓದಿಕೊಳ್ಳುವ ಕಾಗದದಲ್ಲಿ ಒಳ್ಳೆಯದು ಇರುವುದಿಲ್ಲ.

“ಜೋರಲೆ ಓದೋ,” ಎಂದೆ.

“ಅವ್ವಾ, ಬೇಬಿ ಎರಡು ತಿಂಗಳಿಂದ ಶಾಲ್ಯಾಗ ಒಂದು ಮಾತೂ ಆಡಿಲ್ಲಂತ. ಹೆಸರು ಕರದರ ಎದ್ದು ನಿಂದರತಾಳಂತ, ಬಾಯಿ ಬಿಡಂಗಿಲ್ಲಂತ. ಬುದ್ಧಿ ಬೆಳದಿಲ್ಲ ಅಂತ ಅವರಿಗೆ ಸಂಶಯ. ಅಡ್ಯಾರಿನ್ಯಾಗ ಒಬ್ಬಾಕಿ ಮಕ್ಕಳ ಬುದ್ಧಿ ಪರೀಕ್ಷಾ ಮಾಡತಾಳಂತ. ಆಕಿ ಕಡೆಯಿಂದ ಸರ್ಟಿಫಿಕೇಟ್ ತಂದರ ಸರಿ. ಇಲ್ಲಂದರ ದಸರಾ ಸೂಟಿ ಮುಗದ ಮ್ಯಾಲ ಕಳಸಬ್ಯಾಡ್ರಿ ಅಂತ ಬರದಾರ.”

“ಕಳಸದ ಏನ ಮಾಡಬೇಕಂತ?”

“ಇಂಥಾ ಮಕ್ಕಳನ್ನ ಇಟಗೋಳೋ ಮನಿ ಒಂದು ಊರ ಹೊರಗ ಅದಂತ. ಅಲ್ಲಿ ಬಿಡ್ರಿ ಅಂತ.”

ಉಷಾ ಒಳಗೆ ಗೋಡೆ ಹಿಡಿದು ಕುಳಿತಳು. ನನಗೆ ಸಿಟ್ಟು ನೆತ್ತಿಗೇರಿತು. ಮಾತಾಡದ ಹುಡುಗಿಯಂತೆ. ಸಂಜೆ ಐದಕ್ಕೆ ಮನೆಗೆ ಬಂದು, ಹಾಲಿನವನ ಹತ್ತಿರ ಓಡಿಹೋಗಿ ತಿರುಗಿ ಬರುವುದೇ ತಡ, ಅವಳ ಬಾಯಿ ತೆರೆದರೆ ಮುಚ್ಚುವುದು ನಿದ್ದೆಯಲ್ಲೇ. ಅರ್ಧ ಕನ್ನಡ, ಅರ್ಧ ತಮಿಳು, ನಡುನಡುವೆ ಶಾಲೆಯಲ್ಲಿ ಕೇಳಿಸಿಕೊಂಡ ನಾಲ್ಕು ಇಂಗ್ಲಿಷ್ ಶಬ್ದ. ಟೀಚರಮ್ಮನ ಸೀರೆಯ ಬಣ್ಣ, ಪಕ್ಕದ ಹುಡುಗಿಯ ಹಲ್ಲು ಬಿದ್ದದ್ದು, ಎಲ್ಲವೂ ನಮಗೆ ಗೊತ್ತು. ಅಂಥವಳಿಗೆ ಬುದ್ಧಿ ಇಲ್ಲವೆಂದು ಬರೆಯುತ್ತಾರೆ ಎಂದರೆ ಇದರ ಹಿಂದೆ ಏನೋ ಇದೆ ಎಂದು ನನಗೆ ಆಗಲೇ ಅನಿಸಿತು.

ಅಂದು ಸಂಜೆ ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕೇಳಿದೆ. “ಶಾಲ್ಯಾಗ ಯಾಕ ಮಾತಾಡಂಗಿಲ್ಲವಾ ನೀ?”

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ತುಟಿ ಬಿಗಿಹಿಡಿದು ಸಣ್ಣಗೆ ನಕ್ಕಳು. “ಸುಮ್ಮಾ, ಅಜ್ಜಿ,” ಎಂದಳು. ಸುಮ್ಮಾ ಎಂದರೆ ಇಲ್ಲಿಯವರ ಬಾಯಲ್ಲಿ ಸುಮ್ಮನೆ. ಅಷ್ಟು ಹೇಳಿ ಜಾರಿ ಓಡಿಹೋದಳು. ಆ ನಗು ನನಗೆ ಹಿಡಿಸಲಿಲ್ಲ. ಯಾರೋ ಹೇಳಿಕೊಟ್ಟ ಮಗು ಹೀಗೆ ನಗುತ್ತದೆ. ಯಾರು ಹೇಳಿಕೊಟ್ಟರು ಎನ್ನುವುದಷ್ಟೇ ಪ್ರಶ್ನೆ.

ಮೊದಲು ನನ್ನ ಕಣ್ಣು ಹೋದದ್ದು ರಿಕ್ಷಾದ ಮುನುಸಾಮಿಯ ಮೇಲೆ. ಎರಡು ತಿಂಗಳು ಎಂದಲ್ಲವೇ ಕಾಗದದಲ್ಲಿ ಬರೆದದ್ದು? ಅವನ ಸೈಕಲ್ ರಿಕ್ಷಾದಲ್ಲಿ ಅವಳನ್ನು ಕಳಿಸಲು ಶುರುಮಾಡಿ ಎರಡೇ ತಿಂಗಳಾಗಿತ್ತು. ಅದಕ್ಕೆ ಮುಂಚೆ ನಾನೇ ಕೈಹಿಡಿದು ನಡೆಸಿಕೊಂಡು ಹೋಗುತ್ತಿದ್ದೆ. ಉಷಾಳಿಗೆ ದಿನ ನಿಂತಿತು, ಕೊಡ ಎತ್ತಬಾರದು, ಬಗ್ಗಬಾರದು ಎಂದರು ಡಾಕ್ಟರು. ಬೇಬಿಯಾದ ಮೇಲೆ ಅವಳಿಗೆ ಎರಡು ಸಲ ಹೋಗಿತ್ತು, ಎರಡೂ ಐದನೇ ತಿಂಗಳಲ್ಲಿ. ಹೀಗಾಗಿ ಅಡುಗೆಮನೆ ಬಿಟ್ಟು ನಾನು ಅಲ್ಲಾಡುವ ಹಾಗಿರಲಿಲ್ಲ. ಓಣಿಯ ನಾಲ್ಕು ಹುಡುಗಿಯರ ಜೊತೆ ಇವಳನ್ನೂ ರಿಕ್ಷಾಕ್ಕೆ ಹತ್ತಿಸಿದೆವು.

ಮರುದಿನ ಮುನುಸಾಮಿಯನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದೆ. ನನ್ನ ತಮಿಳು ಕೇಳಿದರೆ ತಮಿಳರಿಗೆ ಹೊಟ್ಟೆನೋವು ಬರುತ್ತದೆ, ಆದರೆ ಬೈಗುಳಕ್ಕೆ ಎಲ್ಲ ಭಾಷೆಯೂ ಸಾಕು. ಹುಡುಗಿಗೆ ಏನು ಹೇಳಿ ಹೆದರಿಸಿದ್ದೀಯಾ ಎಂದು ಕೇಳಿದೆ. ಅವನು ತಲೆಗೆ ಸುತ್ತಿದ ಟವೆಲ್ಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಪಾಪ, ಹುಡುಗಿ ಹುಟ್ಟುಮೂಗಿ ಎಂದುಕೊಂಡಿದ್ದೆನಮ್ಮಾ, ಅದಕ್ಕೇ ಅವಳನ್ನು ನನ್ನ ಬೆನ್ನ ಹಿಂದೆಯೇ ಕೂಡಿಸಿಕೊಳ್ಳುತ್ತೇನೆ, ಉಳಿದ ಹುಡುಗಿಯರು ಗೋಳುಹೊಯ್ದುಕೊಳ್ಳದಿರಲಿ ಎಂದು, ಅಂದ. ಇಷ್ಟು ಮೆತ್ತಗೆ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಆ ವಾರವಿಡೀ ಬೇಬಿಗೆ ನೀರೆರೆಯುವಾಗ ಮೈಯೆಲ್ಲ ತಿರುಗಿಸಿ ನೋಡಿದೆ. ಒಂದು ಗೀರು ಕೂಡ ಇರಲಿಲ್ಲ.

ಆಮೇಲೆ ಟೀಚರಮ್ಮ. ಅವಳ ಮೇಜಿನ ಮೇಲೆ ಉದ್ದನೆಯ ರೂಳುಕಟ್ಟಿಗೆ ಇತ್ತು, ನನ್ನ ಕಣ್ಣಿಂದ ನೋಡಿಬಂದೆ. ಆಮೇಲೆ, ಹೇಳಬಾರದು, ಉಷಾ. ಸಿಟ್ಟಿನ ಭರದಲ್ಲಿ “ನಿಮ್ಮ ತವರುಮನಿ ಕಡೆ ಯಾರರೆ ಮೂಗರು ಇದ್ದರೇನು?” ಎಂದು ಕೇಳಿಬಿಟ್ಟೆ. ಮಧ್ಯಾಹ್ನ ಅವಳ ಎಲೆಯಲ್ಲಿ ಅನ್ನ ಹಾಗೇ ಉಳಿಯಿತು.

ಅಡ್ಯಾರಿಗೆ ಬೇಬಿಯನ್ನು ಕರೆದುಕೊಂಡು ಹೋದವಳು ನಾನೇ. ವಿಷ್ಣುವಿಗೆ ರಜೆ ಇರಲಿಲ್ಲ, ಉಷಾ ಬಸ್ಸು ಹತ್ತುವ ಹಾಗಿರಲಿಲ್ಲ. ಊಟ ಮುಗಿಸಿ ಹತ್ತರ ಬಸ್ಸು ಹಿಡಿದೆವು. ಬೇಬಿ ಶಾಲೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಹೊರಟಳು. ಬಿಡು ಎಂದರೆ ಬಿಡಲಿಲ್ಲ. ಬಸ್ಸಿನಲ್ಲೂ ಒಂದು ಮಾತಿಲ್ಲ. ಶಾಲೆಯ ಹೆದರಿಕೆ ಈಗ ಬಸ್ಸಿಗೂ ಬಂತು ಎಂದುಕೊಂಡೆ.

ದೊಡ್ಡ ಮರಗಳ ನಡುವೆ ಒಂದು ಬಂಗಲೆ, ಅದರ ಹಿಂಭಾಗದಲ್ಲಿ ಒಂದು ಕೋಣೆ. ಪರೀಕ್ಷೆ ಮಾಡುವವಳು ನಡುವಯಸ್ಸಿನ ಹೆಂಗಸು ಇರಬಹುದೆಂದು ನನ್ನ ಎಣಿಕೆ. ನೋಡಿದರೆ ಇಪ್ಪತ್ತೇಳು, ಇಪ್ಪತ್ತೆಂಟರ ಹುಡುಗಿ. ಕೊರಳಲ್ಲಿ ತಾಳಿಯಿಲ್ಲ, ಕೈಯಲ್ಲಿ ಗಂಡಸರ ವಾಚು.

“ಬನ್ನಿ ಅಮ್ಮ, ಕೂತುಕೊಳ್ಳಿ,” ಎಂದಳು, ಕನ್ನಡದಲ್ಲಿ. “ನಾನು ಜಲಜಾ. ನಮ್ಮದು ಕುಂದಾಪುರದ ಕಡೆ. ಮೈಲಾಪೂರಿನಲ್ಲಿ ನಮ್ಮ ತಂದೆಯದ್ದು ಹೋಟೆಲ್ ಉಂಟು.”

ಇಡ್ಲಿಹಿಟ್ಟಿನ ಹದ ನೋಡುವ ಮನೆಯವಳು ಬುದ್ಧಿಯ ಹದ ನೋಡುತ್ತಾಳೆ ಎಂದುಕೊಂಡೆ. ಗೋಡೆಯ ಮೇಲೆ ಸಾಲಾಗಿ ನಾಲ್ಕು ಫೋಟೋ. ದೇವರದಲ್ಲ, ಮನೆಯ ಹಿರಿಯರದಲ್ಲ. ಒಬ್ಬ ಬಿಳಿಗಡ್ಡದವನು, ಕೈಯಲ್ಲಿ ಚುಟ್ಟಾ. ಒಬ್ಬನಿಗೆ ಮೂಗಿಗೆ ಸಿಕ್ಕಿಸಿದ ಕನ್ನಡಕ. ಇನ್ನೊಬ್ಬ ಚೆನ್ನಾಗಿ ಕ್ರಾಪು ಬಾಚಿದ ದೊರೆ. ಕೊನೆಯದು ಒಬ್ಬ ಹೆಂಗಸು.

“ಇವರಿಗೆ ಹಾರ ಹಾಕಿಲ್ಲ. ಇನ್ನೂ ಬದುಕ್ಯಾರೇನು?”

“ಗಂಡಸರು ಮೂವರೂ ತೀರಿಕೊಂಡಿದ್ದಾರೆ ಅಮ್ಮ. ಹೆಂಗಸು ಇದ್ದಾರೆ, ಅಮೆರಿಕದಲ್ಲಿ. ಇವರು ಮನಸ್ಸಿನ ಶಾಸ್ತ್ರ ಕಟ್ಟಿದವರು. ನಾನು ಓದಿದ್ದು ಇವರ ವಿದ್ಯೆ.”

ಸತ್ತವರಿಗೆ ಒಂದು ಹಾರ ಹಾಕಲು ತಿಳಿಯದವಳ ಕೈಗೆ ನನ್ನ ಮೊಮ್ಮಗಳನ್ನು ಕೊಡಬೇಕು. ಮಗುವಿನ ಜೊತೆ ನಾನೊಬ್ಬಳೇ ಇರುತ್ತೇನೆ, ನೀವು ಹೊರಗೆ ಕೂತುಕೊಳ್ಳಿ ಎಂದಳು. ನಾನು ಒಪ್ಪಲಿಲ್ಲ. ಬಾಗಿಲ ಹತ್ತಿರ ಒಂದು ಬೆಂಚು ಹಾಕಿಸಿಕೊಂಡು ಅಲ್ಲೇ ಕುಳಿತೆ.

ಪೆಟ್ಟಿಗೆಯಿಂದ ಏನೇನೋ ತೆಗೆದಳು. ಮಣಿ ಪೋಣಿಸು ಎಂದಳು, ಬೇಬಿ ಪೋಣಿಸಿದಳು. ಚೌಕ ನೋಡಿ ಬರೆ ಎಂದಳು, ಬರೆದಳು. ಚಿತ್ರದಲ್ಲಿ ಏನು ತಪ್ಪಿದೆ ತೋರಿಸು ಎಂದಾಗ ಬೆರಳಿಟ್ಟು ತೋರಿಸಿದಳು. ಬಾಯಿಂದ ಹೇಳಬೇಕಾದದ್ದು ಬಂತೋ, ಮುಗಿಯಿತು. ತುಟಿ ಹೊಲಿದವರ ಹಾಗೆ ಕುಳಿತಳು. ಜಲಜಾ ವಾಚು ನೋಡುತ್ತ ಪ್ರತಿಯೊಂದನ್ನೂ ಬರೆದುಕೊಂಡಳು. ಬರೆದುಕೊಳ್ಳುವವರನ್ನು ನಾನು ನಂಬುವುದಿಲ್ಲ.

“ಕೈಯಲ್ಲಿ ಮಾಡುದೆಲ್ಲ ಪ್ರಾಯಕ್ಕಿಂತ ಮುಂದೆ ಉಂಟು ಅಮ್ಮ,” ಎಂದಳು ಕೊನೆಗೆ. “ಮಾತಿನದ್ದು ಮಾತ್ರ ಸೊನ್ನೆ. ಹೀಗೇ ಬರೆದುಕೊಟ್ಟರೆ ಶಾಲೆಯವರು ಸೊನ್ನೆಯನ್ನೇ ನೋಡುದು. ಒಂದೆರಡು ವಿಷಯ ಕೇಳ್ತೇನೆ, ಬೇಸರ ಮಾಡ್ಬೇಡಿ. ಮನೆಯಲ್ಲಿ ಯಾರ ಹತ್ತಿರ ಮಲಗ್ತಾಳೆ? ಯಾರಾದರೂ ಜೋರು ಮಾಡ್ತಾರಾ? ಇತ್ತೀಚೆಗೆ ಮನೆಯಲ್ಲಿ ಎಂತಾದರೂ ಬದಲಾಗಿದೆಯಾ?”

ಉಷಾಳ ವಿಷಯ ನಾನು ಹೇಳಲಿಲ್ಲ. ಐದು ತಿಂಗಳು ತುಂಬುವ ತನಕ ಹೊರಗಿನವರಿಗೆ ಹೇಳುವುದುಂಟೇ? “ಇಷ್ಟೆಲ್ಲ ಮನಿ ಒಳಗಿನ ಸುದ್ದಿ ಯಾಕ ಬೇಕು? ಆ ಚುಟ್ಟಾದವ ಕೇಳು ಅಂತ ಹೇಳ್ಯಾನೇನು?”

ಅವಳಿಗೆ ನಗು ಬಂತು. “ಹೌದು ಅಮ್ಮ, ಒಂದು ಲೆಕ್ಕದಲ್ಲಿ. ಅವರು ಫ್ರಾಯ್ಡ್. ಸಣ್ಣದಿರುವಾಗ ಮನೆಯಲ್ಲಿ ಆದದ್ದು ಮನಸ್ಸಿನ ಅಡಿಯಲ್ಲಿ ಹೋಗಿ ಕೂತಿರ್ತದೆ ಅಂತ ಹೇಳಿದವರು.”

“ಅಂದರ ತಪ್ಪು ಮನಿಯವರದು ಅಂತಾತು.”

“ನಾನು ಹಾಗೆ ಹೇಳಲಿಲ್ಲ. ಕನ್ನಡಕದವರನ್ನು ನೋಡಿ. ಅವರು ಬಿನೆ, ಫ್ರಾನ್ಸಿನವರು. ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕೂತು ನೋಡಿ ನೋಡಿ ಕಲಿತವರು. ಈ ಪರೀಕ್ಷೆ ಅವರದ್ದೇ. ಹಿಂದೆ ಬಿದ್ದ ಮಕ್ಕಳನ್ನು ಶಾಲೆಯಿಂದ ಓಡಿಸ್ಲಿಕ್ಕೆ ಅಲ್ಲ ಅವರು ಮಾಡಿದ್ದು, ಅವರಿಗೆ ಎಂತ ಸಹಾಯ ಬೇಕು ಅಂತ ತಿಳೀಲಿಕ್ಕೆ. ಅದನ್ನು ನಿಮ್ಮ ಕಡೆಯಲ್ಲೇ ಕಾಮತ್ ಅಂತ ಒಬ್ಬರು ಕನ್ನಡದ ಮಕ್ಕಳಿಗೆ ಹೊಂದುವ ಹಾಗೆ ತಿದ್ದಿದ್ದಾರೆ. ನಾನು ಕೇಳಿದ್ದೂ ಅವರು ತಿದ್ದಿದ್ದನ್ನೇ.”

ನಮ್ಮ ಕಡೆಯವರು ಎಂದ ಕೂಡಲೇ ಮನಸ್ಸು ಸ್ವಲ್ಪ ಸಡಿಲಾಯಿತು, ಸುಳ್ಳೇಕೆ ಹೇಳಲಿ. ಆದರೆ ಮೂರನೆಯವನು ಯಾರು ಎಂದು ಕೇಳಿದ್ದೇ ತಪ್ಪಾಯಿತು.

“ಅವರು ವಾಟ್ಸನ್. ಹೆದರಿಕೆ ಹುಟ್ಟಿನಿಂದ ಬರುದಲ್ಲ, ಕಲಿಸಿದರೆ ಬರ್ತದೆ ಅಂತ ತೋರಿಸಿದವರು. ಒಂದು ವರ್ಷವೂ ತುಂಬದ ಮಗು, ಬಿಳಿ ಇಲಿಯನ್ನು ಮುಟ್ಟಿ ಆಡ್ತಿತ್ತು. ಅದು ಇಲಿಯನ್ನು ಮುಟ್ಟಿದಾಗಲೆಲ್ಲ ಇವರು ಬೆನ್ನ ಹಿಂದೆ ಕಬ್ಬಿಣಕ್ಕೆ ಸುತ್ತಿಗೆಯಿಂದ ಹೊಡೆಸಿದರು. ಆಮೇಲೆ ಮಗು ಇಲಿ ಕಂಡರೆ ಅಳಲಿಕ್ಕೆ ಶುರುಮಾಡಿತು. ಮೊಲ ಕಂಡರೂ ಅಳುದು.”

“ಆ ಹೆದರಿಕಿ ಆಮ್ಯಾಲ ತಗದ್ರೇನು?”

“ಇಲ್ಲ. ಅಷ್ಟರಲ್ಲಿ ತಾಯಿ ಮಗುವನ್ನು ಕರಕೊಂಡು ಹೋದಳು.”

ನಾನು ಎದ್ದುನಿಂತೆ. “ಹಾಲು ಕುಡಿಯೋ ಕೂಸಿಗೆ ಬೇಕಂತ ಹೆದರಿಕಿ ಹಚ್ಚಿದವನ ಫೋಟೋ ಇಟ್ಟೀಯಲ್ಲ ನೀ. ಅವ ಮನಷ್ಯಾನೋ ರಾಕ್ಷಸನೋ? ಅವನ ಕೈ ಸೇದಿಹೋಗಲಿಲ್ಲೇನು?”

“ನನಗೂ ಸಿಟ್ಟು ಬರ್ತದೆ ಅಮ್ಮ. ಅದಕ್ಕೇ ಅವರ ಪಕ್ಕದಲ್ಲಿ ಈ ಹೆಂಗಸಿನ ಫೋಟೋ ಇಟ್ಟದ್ದು. ಮೇರಿ ಜೋನ್ಸ್. ಮೊಲಕ್ಕೆ ಹೆದರುವ ಇನ್ನೊಂದು ಹುಡುಗನನ್ನು ಇವರು ತಿಂಡಿ ತಿನ್ನಲಿಕ್ಕೆ ಕೂರಿಸಿ, ಮೊಲವನ್ನು ದಿನಾ ಸ್ವಲ್ಪ ಸ್ವಲ್ಪ ಹತ್ತಿರ ತಂದು, ಹೆದರಿಕೆ ಬಿಡಿಸಿದರು. ಬೇಬಿಯ ಒಳಗೂ ಎಂತದೋ ಹೆದರಿಕೆ ಉಂಟು. ಯಾರು ಹಾಕಿದ್ದು ಅಂತ ಗೊತ್ತಾಗ್ಬೇಕು.”

“ನಮ್ಮನ್ಯಾಗ ಕೂಸಿಗೆ ಅಂಜಿಕಿ ಹಾಕವರು ಯಾರೂ ಇಲ್ಲ,” ಎಂದು ಹೇಳಿ, ಬೇಬಿಯ ಕೈ ಹಿಡಿದು ಎಳೆದುಕೊಂಡು ಹೊರಟೆ. ಗುರುವಾರ ಇನ್ನೊಂದು ಸಲ ಬನ್ನಿ, ಸಾಧ್ಯವಾದರೆ ತಾಯಿಯನ್ನೂ ಕರೆತನ್ನಿ ಎಂದು ಅವಳು ಹಿಂದಿನಿಂದ ಕೂಗಿದಳು.

ಬಸ್ಸಿನಲ್ಲಿ ನನಗೆ ಒಂದೇ ಯೋಚನೆ. ಇವಳು ಆ ಸುತ್ತಿಗೆಯವನ ಶಿಷ್ಯೆ. ಶಾಲೆಯವರು ಮಕ್ಕಳನ್ನು ಕಳಿಸುತ್ತಾರೆ, ಇವಳು ಇಲಿಯೋ ಮೊಲವೋ ತೋರಿಸಿ ಬರೆದುಕೊಳ್ಳುತ್ತಾಳೆ, ಕಡೆಗೆ ಊರ ಹೊರಗಿನ ಆ ಮನೆ. ಶಾಲೆಯವರು, ಇವಳು, ಆ ಮನೆಯವರು, ಮೂವರೂ ಸೇರಿಯೇ ಇದ್ದಾರೆ. ಮನೆಗೆ ಬಂದು ಹಾಗೆಂದೆ. ವಿಷ್ಣು ತಲೆ ಚಚ್ಚಿಕೊಂಡ. ಉಷಾ ಮಾತ್ರ, “ನಾನೂ ಬರತೀನಿ ಅತ್ಯಾ. ಟ್ಯಾಕ್ಸಿ ಮಾಡ್ರಿ,” ಎಂದಳು. ಒಳ್ಳೆಯದೇ ಆಯಿತು, ಒಂದು ಕಡೆ ನಾನು, ಇನ್ನೊಂದು ಕಡೆ ಅವಳು ಕುಳಿತರೆ ಆ ಜಲಜಾಳ ಆಟ ನಡೆಯದು ಎಂದು ನಾನೂ ಹ್ಞೂಂ ಎಂದೆ.

ಗುರುವಾರ ಜಲಜಾ ಪೆಟ್ಟಿಗೆ ತೆಗೆಯಲಿಲ್ಲ. ಬೇಬಿಯ ಎದುರು ನೆಲದ ಮೇಲೆ ಕುಳಿತಳು. “ನಿನ್ನ ಚೀಲದಲ್ಲಿ ಎಂತ ಉಂಟು? ನನಗೆ ತೋರಿಸ್ತೀಯಾ?” ಎಂದಳು.

ಬೇಬಿ ನನ್ನತ್ತ ಒಮ್ಮೆ ನೋಡಿದಳು. ಆಮೇಲೆ ಚೀಲದ ಬಾಯಿ ಬಿಚ್ಚಿದಳು. ಪಾಟಿ, ಪುಸ್ತಕ, ಒಂದು ತುಂಡು ಪೆನ್ಸಿಲ್. ಅವುಗಳ ಅಡಿಯಲ್ಲಿ, ನನ್ನ ಹಳೆಯ ಸೀರೆಯ ಚೂರಿನಲ್ಲಿ ಸುತ್ತಿದ ಒಂದು ಹಿಡಿ ಗರಿಕೆ ಹುಲ್ಲು. ಬೆಳಿಗ್ಗೆ ನಮ್ಮ ಬಾವಿಯ ಕಟ್ಟೆಯಿಂದ ಕಿತ್ತದ್ದು, ಇನ್ನೂ ಹಸಿಯಾಗಿತ್ತು.

“ಇದು ಯಾರಿಗೆ?” ಎಂದಳು ಜಲಜಾ.

ಬೇಬಿ ಬಲಗೈ ಮುಂದೆ ಚಾಚಿ ಮಣಿಕಟ್ಟಿನ ಅರಿಸಿನ ದಾರ ತೋರಿಸಿದಳು. ಆಮೇಲೆ ಆ ಕೈಯನ್ನು ಬಾಯಿಯ ಮೇಲೆ ಇಟ್ಟುಕೊಂಡಳು.

ಇಷ್ಟು ಹೊತ್ತು ಈ ದಾರದ ಮಾತು ನಾನು ನಿಮಗೂ ಹೇಳಿಲ್ಲ. ನನಗೇ ನೆನಪಿರಲಿಲ್ಲ, ನಿಮಗೇನು ಹೇಳಲಿ?

ನಮ್ಮ ಮನೆತನದಲ್ಲಿ ಚಾತುರ್ಮಾಸಕ್ಕೆ ಹೆಣ್ಣುಹುಡುಗಿಯರಿಗೆ ಮೌನಗೌರಿ ಹಿಡಿಸುತ್ತೇವೆ. ಕೈಗೆ ದಾರ ಕಟ್ಟುತ್ತೇವೆ. ಹುಡುಗಿ ಮಾತಾಡದೆ ಊಟ ಮಾಡಬೇಕು, ಕೈತೊಳೆದು ಆಕಳಿಗೆ ಒಂದು ಹಿಡಿ ಹುಲ್ಲು ತಿನ್ನಿಸಬೇಕು, ಆಮೇಲೆ ಬಾಯಿ ಬಿಡಬೇಕು. ಗಂಡ ಸತ್ತ ನಾನು ಗೌರಿಯ ದಾರ ಕಟ್ಟುವ ಹಾಗಿಲ್ಲ, ಉಷಾಳ ಕೈಯಿಂದ ಕಟ್ಟಿಸಿದ್ದೆ. ನಾನು ನಡೆಸಿಕೊಂಡು ಹೋಗುವಾಗ ತೊಂದರೆ ಇರಲಿಲ್ಲ. ಒಂಬತ್ತಕ್ಕೆ ಊಟ, ಓಣಿ ದಾಟಿದರೆ ಗುಡಿಯ ಬೀದಿಯಲ್ಲಿ ಬೇಕಾದಷ್ಟು ಆಕಳು, ಹುಲ್ಲು ಬಾಯಿಗಿಟ್ಟ ಕೂಡಲೇ ಅಜ್ಜಿ ಅಜ್ಜಿ ಎಂದು ಶುರು. ರಿಕ್ಷಾ ಗೊತ್ತುಮಾಡಿದ ದಿನ, ದಾರಿಯಲ್ಲಿ ಆಕಳು ಕಂಡರೆ ಹುಲ್ಲು ಹಾಕು ಎಂದು ಹೇಳಿ ಕೈತೊಳೆದುಕೊಂಡೆ. ರಿಕ್ಷಾ ಆಕಳಿಗಾಗಿ ನಿಲ್ಲುವುದಿಲ್ಲ. ನಿಲ್ಲಿಸು ಎನ್ನಲು ಹುಡುಗಿ ಬಾಯಿ ಬಿಡುವ ಹಾಗಿಲ್ಲ. ಅವಳು ಆ ಹುಲ್ಲನ್ನು ದಿನವಿಡೀ ಚೀಲದಲ್ಲಿ ಇಟ್ಟುಕೊಂಡು, ಸಂಜೆ ಐದಕ್ಕೆ ಹಾಲಿನವನ ಆಕಳು ಬಂದ ಮೇಲೆ ತಿನ್ನಿಸಿ ಬಾಯಿ ತೆರೆಯುತ್ತಿದ್ದಳು. ಸೂಟಿಯ ದಿನ ಊಟವಾದ ಕೂಡಲೇ ತಾನೇ ಗುಡಿಯ ಬೀದಿಗೆ ಓಡಿಹೋಗಿ ತಿನ್ನಿಸಿ ಬರುತ್ತಿದ್ದಳು, ಹೀಗಾಗಿ ಮನೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಅಂದು ನನ್ನ ಮುಖ ನೋಡಿ ನಕ್ಕಳಲ್ಲ, ಅಜ್ಜಿಗೆ ಗೊತ್ತಿದ್ದೂ ಕೇಳುತ್ತಾಳೆ ಎಂದು ನಕ್ಕಿದ್ದಳು. ಊರಿನವರನ್ನೆಲ್ಲ ಕಳ್ಳರೆಂದು ತಿರುಗಿದ ನನ್ನ ಹೆಗಲ ಮೇಲೇ ಇತ್ತು ಕುಂಬಳಕಾಯಿ.

ನಾಚಿಕೆಯಿಂದ ಸಾಯುವ ಹಾಗಾಯಿತು. ಆದರೂ ಒಳಗೊಳಗೇ ಹಗುರವೂ ಆಯಿತು. ಎಲ್ಲವನ್ನೂ ಜಲಜಾಳಿಗೆ ಹೇಳಿ, ಹುಲ್ಲು ಕೈಗೆ ತೆಗೆದುಕೊಂಡೆ. “ಇಷ್ಟೇನಲ್ಲ. ಹೊರಗ ಒಂದು ಆಕಳ ಹುಡಿಕಿ ತಿನಿಸಿದರ ಮುಗೀತು. ನಡಿಯವಾ ಬೇಬಿ.”

ಬೇಬಿ ಎದ್ದಳು. ಜಲಜಾ ಏಳಲಿಲ್ಲ. “ಒಂದು ನಿಮಿಷ ಅಮ್ಮ. ಊಟ ಆದ ಮೇಲೆ ಸುಮ್ಮನೆ ಇರು ಅಂದರೆ ಯಾವ ಮಗು ಎಂಟು ಗಂಟೆ ಸುಮ್ಮನೆ ಇರ್ತದೆ, ಅದೂ ಎರಡು ತಿಂಗಳು? ಟೀಚರ್ ಬೈದರೂ ಮಾತಾಡಲಿಲ್ಲ. ಮಾತಾಡಿದರೆ ಎಂತ ಆಗ್ತದೆ ಅಂತ ಅವಳಿಗೆ ಹೇಳಿದ್ದೀರಿ?”

ನನಗಿಂತ ಮೊದಲು ಬೇಬಿಯ ಕಣ್ಣು ಹೇಳಿತು. ಅದು ಹೋಗಿ ಉಷಾಳ ಹೊಟ್ಟೆಯ ಮೇಲೆ ನಿಂತಿತ್ತು.

ಉಷಾಳಿಗೆ ದಿನ ನಿಂತಿದ್ದು ಗೊತ್ತಾದ ದಿನ ನಾನೇ ಬೇಬಿಯನ್ನು ದೇವರ ಮುಂದೆ ಕೂಡಿಸಿಕೊಂಡು ಹೇಳಿದ್ದೆ. ಈಗ ಈ ವ್ರತ ನಿನ್ನ ಅವ್ವನ ಸಲುವಾಗಿ. ನಡುವೆ ಮಾತಾಡಿ ಕೆಡಿಸಿದರೆ ಹೊಟ್ಟೆಯಲ್ಲಿರುವ ಕೂಸು ನಿಲ್ಲುವುದಿಲ್ಲ, ಹಿಂದಿನ ಎರಡರ ಹಾಗೆ ಹೋಗಿಬಿಡುತ್ತದೆ. ಇದನ್ನು ಯಾರ ಮುಂದೂ ಆಡಬೇಡ, ದೃಷ್ಟಿ ತಾಗುತ್ತದೆ. ಹೀಗೆ ಹೇಳಿದ್ದೆ. ಹುಡುಗಿ ಚಂಚಲ ಸ್ವಭಾವದವಳು, ಒಂದಿಷ್ಟು ಅಂಜಿಕೆ ಇದ್ದರೆ ವ್ರತ ನೆಟ್ಟಗೆ ನಡೆಯುತ್ತದೆ ಎಂದು. ಇದನ್ನೂ ಈಗ ಅವರಿಬ್ಬರ ಮುಂದೆ ಬಾಯಿಬಿಟ್ಟು ಹೇಳಬೇಕಾಯಿತು.

“ಅತ್ಯಾ,” ಎಂದಳು ಉಷಾ. ಹತ್ತು ವರ್ಷದಲ್ಲಿ ಅವಳು ನನಗೆ ಎದುರಾಡಿದವಳಲ್ಲ. “ನನ್ನ ಹೊಟ್ಟಿಯೊಳಗಿನ ಕೂಸನ್ನ ಇದರ ತಲಿ ಮ್ಯಾಲ ಇಟ್ಟೀರೇನು ನೀವು? ಆರು ವರ್ಷದ ಹುಡುಗಿ ಮ್ಯಾಲ?”

ಇಂದು ಆಕಳು ಸಿಕ್ಕೀತು ಅಮ್ಮ ಎಂದಳು ಜಲಜಾ. ದನಿ ಏರಿಸಲಿಲ್ಲ. “ನಾಳೆಯೂ ಸಿಗ್ಲಿ. ಒಂದು ದಿನ ಸಿಗುದಿಲ್ಲ, ಇವಳು ಮರೆತು ಮಾತಾಡಿದಳು ಅಂತ ಇಟ್ಟುಕೊಳ್ಳಿ. ಆ ವಾರವೇ ಇವರಿಗೆ ಎಂತಾದರೂ ಆದರೆ? ದೇವರು ಹಾಗೆ ಮಾಡದಿರಲಿ. ಆದರೆ ಎರಡು ಸಲ ಆಗಿದೆ ಅಂತ ನೀವೇ ಹೇಳ್ತೀರಿ. ತಮ್ಮನನ್ನು ಕೊಂದದ್ದು ನಾನು ಅಂತ ಇವಳು ಸಾಯುವ ತನಕ ನಂಬ್ತಾಳೆ. ಅದನ್ನು ಯಾವ ಆಕಳು ಬಿಡಿಸ್ತದೆ?”

ಕೈಯಲ್ಲಿದ್ದ ಹುಲ್ಲು ಭಾರವಾಯಿತು. ಮೂರನೇ ಫೋಟೋದವನು ಕ್ರಾಪು ಬಾಚಿಕೊಂಡು ನನ್ನನ್ನೇ ನೋಡುತ್ತಿದ್ದ. ಅವನಿಗೆ ರಾಕ್ಷಸ ಎಂದು ಬೈದು ಮೂರು ದಿನವಾಗಿರಲಿಲ್ಲ. ಅವನಾದರೂ ಪರರ ಮಗುವಿಗೆ ಮಾಡಿದ್ದ.

ಬೇಬಿಯ ಮುಂದೆ ಕುಳಿತುಕೊಂಡೆ. “ಮಾತಾಡವಾ. ಅಡ್ಡಿ ಇಲ್ಲ. ಏನರೆ ಪಾಪ ಬಂದರ ಅದು ನನಗ ಹತ್ತಲಿ, ನಿಮ್ಮವ್ವಗ ಏನೂ ಆಗಂಗಿಲ್ಲ.”

ಅವಳು ಹಿಂದೆ ಸರಿದಳು. ಒಂದು ಕೈಯಿಂದ ತನ್ನ ಬಾಯಿಯನ್ನು ಇನ್ನೂ ಗಟ್ಟಿಯಾಗಿ ಮುಚ್ಚಿಕೊಂಡು, ಇನ್ನೊಂದು ಕೈಯಿಂದ ನನ್ನ ಸೆರಗು ಹಿಡಿದುಕೊಂಡಳು. ಜೋರಾಗಿ ತಲೆ ಅಲ್ಲಾಡಿಸಿದಳು. ಕಣ್ಣಿಂದ ನೀರು ಸುರಿಯುತ್ತಿತ್ತು. ಅವ್ವನ ಕೂಸು ಸಾಲದೆಂದು ಈಗ ಅಜ್ಜಿಯನ್ನೂ ಕಾಯುವ ಕೆಲಸ ಅವಳ ತಲೆಗೆ ಕಟ್ಟಿದ್ದೆ. ಅಯ್ಯೋ ನನ್ನ ಬಾಯಿಗಿಷ್ಟು ಮಣ್ಣು ಬೀಳ ಎಂದುಕೊಂಡೆ. ಬಾಯಿ ತೆರೆದಾಗಲೆಲ್ಲ ನನ್ನಿಂದ ಬರುವುದು ಅಂಜಿಕೆಯೇ.

ಇನ್ನು ಒಂದೇ ದಾರಿ ಇತ್ತು. ಐವತ್ನಾಲ್ಕು ವರ್ಷದಲ್ಲಿ ನಾನು ಗಂಡನ ಮುಂದೆ, ಮಗನ ಮುಂದೆ ತಪ್ಪಾಯಿತು ಎಂದವಳಲ್ಲ. ಈಗ ಸೊಸೆಯ ಮುಂದೆ, ಹೋಟೆಲಿನವರ ಮಗಳ ಮುಂದೆ ಅನ್ನಬೇಕು. ಅದೂ ಗೌರಿಯ ಹೆಸರಿನಲ್ಲಿ ಆಡಿದ ಮಾತನ್ನು. ಅದು ಸುಳ್ಳೋ ನಿಜವೋ ನನಗೇ ಸರಿಯಾಗಿ ಗೊತ್ತಿರಲಿಲ್ಲ, ಆ ಹೆದರಿಕೆ ನನ್ನೊಳಗೂ ಇತ್ತು.

“ಬೇಬಿ, ನಾ ಸುಳ್ಳು ಹೇಳಿದ್ದೆ,” ಎಂದೆ. “ನೀ ಮಾತಾಡೋದಕ್ಕೂ ಅವ್ವನ ಕೂಸಿಗೂ ಏನೂ ಸಂಬಂಧ ಇಲ್ಲ. ಹಿಂದಿನ ಎರಡು ಹೋದವಲ್ಲ, ಅವು ಯಾರ ಮಾತಿನಿಂದನೂ ಹೋಗಲಿಲ್ಲ. ನೀ ಸುಮ್ಮನ ಇರಲಿ ಅಂತ ಅಂಜಿಸಿದೆ. ಅಜ್ಜಿ ತಪ್ಪು ಮಾಡಿದಳು.”

ಬೇಬಿ ನನ್ನನ್ನು, ತಾಯಿಯನ್ನು, ಮತ್ತೆ ನನ್ನನ್ನು ನೋಡಿದಳು. ಕೈ ನಿಧಾನವಾಗಿ ಬಾಯಿಯಿಂದ ಇಳಿಯಿತು.

“ಸುಳ್ಳು ಹೇಳಿದೀ?” ಎಂದಳು. ಶಾಲೆಯ ದಿನ ಹಗಲು ಹನ್ನೊಂದು ಗಂಟೆಗೆ ಅವಳ ದನಿ ಕೇಳಿ ಎರಡು ತಿಂಗಳಾಗಿತ್ತು.

“ಹೂಂ.”

“ದೇವರ ಮುಂದ ಕೂತು?”

“ಹೂಂನವಾ.”

ಅವಳು ಹಿಡಿದಿದ್ದ ನನ್ನ ಸೆರಗು ಬಿಟ್ಟು, ಹೋಗಿ ತಾಯಿಯ ತೊಡೆಗೆ ಒರಗಿ ನಿಂತಳು. ಉಷಾ ಅವಳ ಬೆನ್ನು ಸವರುತ್ತ ಬಹಳ ಹೊತ್ತು ಕುಳಿತಳು. ಮೂಗು ಒರೆಸಿಕೊಂಡ ಮೇಲೆ ಬೇಬಿ ಜಲಜಾಳಿಗೆ, “ಈಗ ಕೇಳ್ರಿ,” ಎಂದಳು.

ಜಲಜಾ ಕೇಳಿದಳು. ಬಾಯಾರಿದರೆ ಏನು ಮಾಡಬೇಕು ಎಂಬುದಕ್ಕೆ, “ಅಜ್ಜಿ ಮಡೀಲೆ ಇದ್ದಾಳೋ ಏನೋ ನೋಡಬೇಕು. ಮಡಿ ಇದ್ದರ ಕೊಡ ಮುಟ್ಟಬಾರದು, ಅವ್ವನ್ನ ಕೇಳಬೇಕು,” ಎಂದು ಉತ್ತರ. ಜಲಜಾ ನಗುತ್ತ ಸರಿ ಎಂದು ಗುರುತು ಹಾಕಿದಳು. ಎಂಟು ವರ್ಷದ ಹುಡುಗಿಯ ಬುದ್ಧಿ ಎಂದು ಸರ್ಟಿಫಿಕೇಟ್ ಬಂತು. ಶಾಲೆಯವರು ಮತ್ತೆ ಕಾಗದ ಬರೆಯಲಿಲ್ಲ. ಬರೆದರೂ ಈಗ, ಹುಡುಗಿ ಮಾತು ಕಡಿಮೆ ಮಾಡಲಿ ಎಂದೇ ಬರೆಯಬೇಕಿತ್ತು. ದಾರವನ್ನು ಉಷಾ ಅಂದೇ ಬಿಚ್ಚಿ ತುಳಸಿಯ ಬುಡಕ್ಕೆ ಹಾಕಿದಳು. ನಾನು ಬೇಡ ಎನ್ನಲಿಲ್ಲ. ಮುನುಸಾಮಿಗೆ ಒಂದು ದಿನ ಕರೆದು ಕಾಫಿ ಕೊಟ್ಟೆ. ಏಕೆಂದು ಅವನಿಗೆ ತಿಳಿಯಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ನನಗೆ ಚೆನ್ನಾಗಿತ್ತು. ಬೇಬಿಗೆ ಮಾತು ಬಂತು, ನನ್ನ ಮೇಲಿನ ನಂಬಿಕೆ ಹೋಯಿತು. ಗೋರಿಕಾಯಿ ತಿಂದರೆ ಶಕ್ತಿ ಬರುತ್ತದೆ ಎಂದರೆ “ಖರೇನ?” ಹೊಸ್ತಿಲ ಮೇಲೆ ಕೂತರೆ ಮನೆಗೆ ಒಳ್ಳೆಯದಲ್ಲ ಎಂದರೆ “ಖರೇನ?” ಪ್ರಹ್ಲಾದನ ಕಥೆ ಹೇಳುವಾಗ ಕಂಬ ಒಡೆಯುವ ಹೊತ್ತಿಗೆ ಎದ್ದು ಹೋಗಿ, ಅಪ್ಪನನ್ನು ಕೇಳಿ ಬರುತ್ತಿದ್ದಳು. ನನ್ನ ಮುಖವನ್ನು ಅವಳು ನೋಡುವ ರೀತಿ ನನಗೆ ಗೊತ್ತಿತ್ತು. ಹಾಲಿನವನ ಪಾತ್ರೆಯನ್ನು ನಾನು ನೋಡುತ್ತಿದ್ದದ್ದು ಹಾಗೆಯೇ. ಎಷ್ಟೋ ಸಲ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಐದನೇ ತಿಂಗಳು ದಾಟಿತು. ಆ ತಿಂಗಳು ಉಷಾ ಕೆಮ್ಮಿದರೂ ನನ್ನ ಜೀವ ಹಾರುತ್ತಿತ್ತು. ಫಾಲ್ಗುಣದಲ್ಲಿ ಗಂಡುಮಗು ಹುಟ್ಟಿತು. ದಿನ ತುಂಬುವುದಕ್ಕೆ ಮುಂಚೆಯೇ ಬಂದದ್ದರಿಂದ ತೀರ ಸಣ್ಣದಿತ್ತು. ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕಿದೆವು. ಬಂದ ಹೆಂಗಸರೆಲ್ಲ ಊಟಕ್ಕೆ ಎದ್ದ ಮೇಲೆ ತೊಟ್ಟಿಲ ಹತ್ತಿರ ನಾನೊಬ್ಬಳೇ ಕುಳಿತಿದ್ದೆ. ಬೇಬಿ ಬಂದು ಇಣುಕಿ ನೋಡಿದಳು.

“ಅಜ್ಜಿ, ಇದು ಇರತದೇನು? ಹೋಗಂಗಿಲ್ಲಲ್ಲ?”

ನೂರು ವರ್ಷ ಇರುತ್ತದೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಹನ್ನೆರಡನೇ ದಿನದ ಕೂಸಿನ ಮುಂದೆ ಇನ್ನೇನು ಹೇಳುತ್ತಾರೆ? ಅವಳು ಕಣ್ಣು ಕಿರಿದು ಮಾಡಿ ಕಾಯುತ್ತಿದ್ದಳು.

“ನನಗ ಗೊತ್ತಿಲ್ಲವಾ,” ಎಂದೆ. “ಇರಲಿ ಅಂತ ದಿನಾ ಬೇಡಕೋತೀನಿ. ನನಗೂ ಅಂಜಿಕಿ ಅದ.”

ಅವಳು ನನ್ನ ಮುಖವನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಖರೇನ ಎಂದು ಕೇಳಲಿಲ್ಲ. ಬಂದು ನನ್ನ ಮಗ್ಗುಲಿಗೆ ಒತ್ತಿಕೊಂಡು ಕುಳಿತಳು, ತೊಟ್ಟಿಲ ಹಗ್ಗಕ್ಕೆ ತಾನೂ ಕೈ ಹಾಕಿದಳು. ಊಟಕ್ಕೆ ಬನ್ನಿ ಎಂದು ವಿಷ್ಣು ಎರಡು ಸಲ ಕರೆದ. ಇಬ್ಬರೂ ಏಳಲಿಲ್ಲ.